ಗೇರ್‌ಬಾಕ್ಸ್ ಇಳಿಸಿ ಬಂದು ಕೊಟ್ಟ ರಕ್ತ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಂದರಿನ ದಕ್ಕೆಯಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿದರೆ ಸಾಕು, ಒಳಗೆ ಯಾವುದು ಸವೆಯುತ್ತಿದೆ ಎಂದು ಹೇಳಬಲ್ಲೆ. ಅದಕ್ಕೇ ಇರಬೇಕು, ಡಾಕ್ಟರ್ ಹೇಳಿದ ಹೃದಯ ಮತ್ತು ಲಿವರಿನ ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ರಿಪೋರ್ಟ್ ನೋಡುವ ಆಸೆ ತಡೆಯಲಾಗಲಿಲ್ಲ.

ಆದರೆ ತೊಕ್ಕೊಟ್ಟಿನ ಮನೆಯಲ್ಲಿ ಅದನ್ನು ಮೊದಲು ಬಿಡಿಸಿದವಳು ಹೆಂಡತಿ. ಅಮಿನೋ ಆಮ್ಲಗಳ ಉದ್ದದ ಪಟ್ಟಿ ಇತ್ತು: ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಅವಳು ಅದನ್ನೆಲ್ಲ ದಾಟಿ ಲಿವರಿನ ಸಾಲಿಗೆ ಬೆರಳಿಟ್ಟಳು. ಅಲ್ಲಿ ಎರಡು ಅಂಕೆಗಳು ದಪ್ಪಕ್ಷರದಲ್ಲಿದ್ದವು.

"ಎಂತ ಇದು? ಲಿವರ್ ಹಾಳಾಗುದು ಕುಡಿಯುವವರಿಗೆ ಅಲ್ವಾ?"

"ನಾನು ಕುಡಿದದ್ದು ನೀನು ನೋಡಿದ್ದೀಯಾ?"

"ಅಪ್ಪ ಕುಡಿಯುದನ್ನೂ ಅಮ್ಮ ಸುಮಾರು ವರ್ಷ ನೋಡಿರ್ಲಿಲ್ಲ."

ಅವಳ ಅಪ್ಪ ಅದರಿಂದಲೇ ಸತ್ತವರು. ಮದುವೆಗೆ ಅವಳು ಇಟ್ಟ ಷರತ್ತು ಒಂದೇ ಆಗಿತ್ತು: ಕುಡಿಯಬಾರದು. ದಕ್ಕೆಯವರು ನನ್ನನ್ನು 'ಹಾಲು ಕುಡಿಯುವ ಮೇಸ್ತ್ರಿ' ಎಂದು ತಮಾಷೆ ಮಾಡಿದರೂ ನಾನು ಮಾತು ತಪ್ಪಿದವನಲ್ಲ. ಮರುದಿನ ಬೆಳಿಗ್ಗೆ ಟೂಲ್ಸ್ ಚೀಲ ತೆರೆದರೆ ಸ್ಪ್ಯಾನರುಗಳು ಅದಲುಬದಲಾಗಿದ್ದವು. ಅವಳು ಬಾಟ್ಲಿ ಹುಡುಕಿದ್ದಳು.

ಅವಳನ್ನೂ ಕರೆದುಕೊಂಡೇ ಡಾಕ್ಟರರ ಬಳಿಗೆ ಹೋದೆ. ಡಾಕ್ಟರ್ ನನ್ನ ಮಗಳ ಪ್ರಾಯದವರು.

"ರಕ್ತ ಕೊಡುವ ಮೊದಲು ಎಂತ ಕೆಲಸ ಮಾಡಿದ್ರಿ?" ಎಂದರು.

"ಹಿಂದಿನ ದಿನವಿಡೀ ಬೋಟಿನ ಗೇರ್‌ಬಾಕ್ಸ್ ಬಿಚ್ಚಿದೆ. ಬೆಳಿಗ್ಗೆ ಬೇಗ ಹೋಗಿ ಅದನ್ನು ಇಳಿಸಿ ಬಂದೆ."

"ಖಾಲಿ ಹೊಟ್ಟೆಯಲ್ಲಿ?"

"ಖಾಲಿ ಹೊಟ್ಟೆ ಅಂತ ನೀವೇ ಹೇಳಿದ್ದಲ್ವಾ? ಕೆಲಸ ಮಾಡಬಾರದು ಅಂತ ಹೇಳ್ಲಿಲ್ಲ."

ಅವರು ನಕ್ಕರು. ಮೈಮುರಿದು ದುಡಿದರೆ ಸ್ನಾಯುಗಳಿಂದಲೂ ಆ ಅಂಕೆಗಳು ಏರುತ್ತವಂತೆ. ಒಂದು ವಾರ ಭಾರ ಎತ್ತದೆ ಇದ್ದು ಮತ್ತೆ ರಕ್ತ ಕೊಡಿ, ಹೊಟ್ಟೆಯ ಸ್ಕ್ಯಾನಿಂಗೂ ಮಾಡಿಸಿ ಎಂದರು. ಆ ಒಂದು ವಾರ ಸುಮ್ಮನೆ ಕೂತದ್ದು ನನ್ನ ಜೀವಮಾನದಲ್ಲೇ ಕಷ್ಟದ ಕೆಲಸ.

ಎರಡನೇ ರಿಪೋರ್ಟಿನಲ್ಲಿ ಲಿವರಿನ ಅಂಕೆಗಳು ಇಳಿದಿದ್ದವು. ಮೊದಲೇ ಹೆಚ್ಚಿದ್ದ ಲ್ಯೂಸಿನ್ ಮತ್ತು ಅದರ ಇಬ್ಬರು ಜೊತೆಗಾರರು ಇಳಿಯಲಿಲ್ಲ. ಸ್ಕ್ಯಾನಿಂಗಿನಲ್ಲಿ ಲಿವರಿಗೆ ಸ್ವಲ್ಪ ಕೊಬ್ಬು ಕೂತದ್ದೂ ಕಂಡಿತು.

"ನಾವು ತಿಂದ ಮೀನು, ಬೇಳೆ ಒಡೆದು ಈ ಅಮಿನೋ ಆಮ್ಲ ಆಗುದು," ಎಂದರು ಡಾಕ್ಟರ್. "ಲಿವರಿನಲ್ಲಿ ಕೊಬ್ಬು ಇದ್ದವರಲ್ಲಿ ಇವು ಹೆಚ್ಚಿರುದು ಕಾಣ್ತದೆ. ಹಾರ್ಟಿನ ತೊಂದರೆಗೂ ಸಂಬಂಧ ಉಂಟು."

"ಇವು ಹೆಚ್ಚಾಗಿ ಲಿವರ್ ಕೆಡುದಾ, ಲಿವರ್ ಕೆಟ್ಟು ಇವು ಹೆಚ್ಚಾಗುದಾ?"

"ಒಳ್ಳೆ ಪ್ರಶ್ನೆ. ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ."

ಇಂಜಿನ್ ಕಪ್ಪು ಹೊಗೆ ಬಿಟ್ಟಾಗ ಯಾವುದು ಮೊದಲು ಕೆಟ್ಟಿತು ಎಂದು ನಾನೂ ಹೀಗೇ ತಲೆ ಕೆರೆದುಕೊಳ್ಳುತ್ತೇನೆ. ಓದಿದವರೂ ಅಲ್ಲೇ ನಿಂತಿದ್ದಾರೆ ಎಂದು ತಿಳಿದು ಯಾಕೋ ಖುಷಿಯಾಯಿತು.

ಹೆಂಡತಿಗೆ ಬೇಕಾದದ್ದು ಬೇರೆ. "ಹಾಗಾದ್ರೆ ಇವರು ಕುಡಿಯುದಿಲ್ಲ ಅಂತ ಆಯ್ತಾ?"

"ಕುಡಿಯದವರಿಗೂ ಹೀಗೆ ಕೊಬ್ಬು ಕೂರ್ತದೆ. ಹೊಟ್ಟೆ ಬಂದದ್ದು, ರಾಶಿ ಅನ್ನ, ಸಿಹಿ ಚಾ, ಎಲ್ಲ ಕಾರಣ. ಆದರೆ ಈ ರಿಪೋರ್ಟ್ ನೋಡಿ ಕುಡಿಯುದೇ ಇಲ್ಲ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ."

ಬಸ್ಸು ನೇತ್ರಾವತಿ ಸೇತುವೆ ದಾಟುವಾಗ ಅವಳು ರಿಪೋರ್ಟನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು. ರಿಪೋರ್ಟ್ ನನ್ನ ಪರ ಸಾಕ್ಷಿ ಹೇಳಲಿಲ್ಲವಲ್ಲ ಎಂದು ನನಗೆ ಬೇಸರ.

ಮರುದಿನ ಬೆಳಿಗ್ಗೆ ಚಾ ಬಾಯಿಗಿಟ್ಟರೆ ಚಪ್ಪೆ. ದಿನಕ್ಕೆ ಏಳೆಂಟು ಸಲ ಮೂರು ಚಮಚ ಸಕ್ಕರೆ ಹಾಕಿ ಕುಡಿಯುವವನು ನಾನು. ಸಕ್ಕರೆ ಡಬ್ಬಿ ಅಟ್ಟ ಹತ್ತಿತ್ತು.

"ಎಂತ ಇದು?"

"ಕುಡಿಯಿರಿ ಮಾರಾಯ್ರೆ. ದಕ್ಕೆಯಲ್ಲಿಯೂ ಇದೇ, ಗೊತ್ತಾಯ್ತಲ್ಲ."

ಟೂಲ್ಸ್ ಚೀಲ ಬಿಚ್ಚಿದೆ. ನಿನ್ನೆ ಜೋಡಿಸಿಟ್ಟ ಸ್ಪ್ಯಾನರುಗಳು ಹಾಗೆಯೇ ಸಾಲಾಗಿದ್ದವು; ಈ ಸಲ ಅವಳು ಹುಡುಕಿರಲಿಲ್ಲ. ಚಪ್ಪೆ ಚಾ ಪೂರ್ತಿ ಕುಡಿದು ಹೊರಟೆ.