ತಕ್ಕಡಿಯಣ್ಣನ ಎರಡು ಸ್ಟಾರು

ಕನ್ನಡಕದ ಅಂಗಡಿ ಇಟ್ಟವನಿಗೆ ಸಿನಿಮಾದ ಉಸಾಬರಿ ಯಾಕೆ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಲೇ ಹೊಸ ಚಿತ್ರದ ಜಾತಕ ಬಿಚ್ಚಿಡುತ್ತಿದ್ದ. ತೀರ್ಪು ಗುಲಗಂಜಿಯಷ್ಟೂ ಆಚೀಚೆ ಆಗಬಾರದು ಎನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಅದು ಹೊಗಳಿಕೆ ಎಂದುಕೊಂಡಿದ್ದ, ಪಾಪ.

ಬೀದಿಯವರೆಲ್ಲ ಮೊಬೈಲಿಗೆ ಒಂದು ಆಪು ಹಾಕಿಕೊಂಡಿದ್ದರು. ಅದರಲ್ಲಿ ಪತ್ರಿಕೆಯವರ ವಿಮರ್ಶೆ ಇಲ್ಲ, ಕಂಡಕಂಡವರ ಸ್ಟಾರುಗಳ ಸರಾಸರಿಯೂ ಇಲ್ಲ. ನೀವು ನಂಬಿ ಆರಿಸಿಕೊಂಡವರು ಕೊಟ್ಟ ಸ್ಟಾರು ಮಾತ್ರ ನಿಮಗೆ ಕಾಣುತ್ತದೆ. ಅರ್ಧಕ್ಕರ್ಧ ಬೀದಿ ಆರಿಸಿಕೊಂಡಿದ್ದು ಇವನನ್ನೇ: ಬೇಕರಿಯವನು, ಹಲ್ಲಿನ ಡಾಕ್ಟರು, ಸ್ವಂತ ಭಾವಮೈದುನ ಕೂಡ. ಭಾವಮೈದುನನ ನಂಬಿಕೆ ಗಳಿಸುವುದೆಂದರೆ ಸುಮ್ಮನೆಯೇ? ಆಸಾಮಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಗಲೇ ಮಗಳು ನಿರ್ದೇಶಿಸಿದ ಮೊದಲ ಸಿನಿಮಾ ಬಂತು. ಸಣ್ಣ ಚಿತ್ರ, ಸಣ್ಣ ಥಿಯೇಟರು. ಶನಿವಾರ, ಭಾನುವಾರ ಜನ ಬರದಿದ್ದರೆ ಸೋಮವಾರ ಎತ್ತಂಗಡಿ.

"ಅಪ್ಪಾ, ಅನಿಸಿದ್ದನ್ನ ಬರೀರಿ. ನನಗೆ ಅಷ್ಟೇ ಸಾಕು," ಎಂದಿದ್ದಳು.

ಮೊದಲ ಆಟಕ್ಕೇ ಹೋದ. ಸಿನಿಮಾ ಚೆನ್ನಾಗಿತ್ತು. ಚೆನ್ನಾಗಿತ್ತೇನು ಬಂತು, ಈ ಮನುಷ್ಯ ಗೊಳೋ ಎಂದು ಅತ್ತ. ಕಣ್ಣೊರೆಸಿ ಒರೆಸಿ ಕರವಸ್ತ್ರ ತೊಯ್ದುಹೋಯಿತು. ನನ್ನ ಮಗಳಿಗೆ ಇಷ್ಟೆಲ್ಲ ಯಾವಾಗ ಅರ್ಥವಾಯಿತು ಎಂದು ಹೆಮ್ಮೆ ಉಕ್ಕಿ ಬಂತು. ಹೊರಗೆ ಬಂದು ಐದು ಸ್ಟಾರು ಒತ್ತಲು ಬೆರಳೆತ್ತಿದ. ಅಷ್ಟರಲ್ಲಿ ಬೇಕರಿಯವನು ಕಿವಿಯಲ್ಲಿ ನಕ್ಕಂತಾಯಿತು: ಹೆತ್ತವರಿಗೆ ಹೆಗ್ಗಣ ಮುದ್ದು! ನಾಲ್ಕು ಕೊಡಲೇ? ಆಗಲೂ ಆಡಿಕೊಳ್ಳುತ್ತಾರೆ. ಮೂರು ಕೊಟ್ಟರೆ ಹಾರಿಕೆ ಎನ್ನುತ್ತಾರೆ. ಎರಡು ಒತ್ತಿದ. 'ಇನ್ನೂ ಪಳಗಬೇಕು' ಎಂದು ಕೆಳಗೊಂದು ಸಾಲು ಬೇರೆ ಗೀಚಿದ.

ಭಲೇ! ಬೀದಿಗೆ ಬೀದಿಯೇ ಕೊಂಡಾಡಿತು. "ಹೆತ್ತ ಮಗಳಿಗೇ ಎರಡು ಕೊಟ್ರಲ್ಲ, ಮನುಷ್ಯ ಅಂದ್ರೆ ನೀವಣ್ಣಾ," ಎಂದ ಬೇಕರಿಯವನು. ಹಲ್ಲಿನ ಡಾಕ್ಟರು ಕೈಕುಲುಕಿದರು. ಸಿನಿಮಾಕ್ಕೆ ಮಾತ್ರ ಯಾರೂ ಹೋಗಲಿಲ್ಲ. ತಕ್ಕಡಿಯಣ್ಣನೇ ಎರಡು ಕೊಟ್ಟದ್ದನ್ನು ದುಡ್ಡು ಕೊಟ್ಟು ನೋಡಲು ಯಾರಿಗೆ ಹುಚ್ಚು? ಸೋಮವಾರ ಪೋಸ್ಟರು ಕಿತ್ತರು.

ಅಂದು ಸಂಜೆ ಮಗಳು ಅಂಗಡಿಗೆ ಬಂದಳು. ಕೂಗಾಡುತ್ತಾಳೆಂದು ಇವನು ನ್ಯಾಯನೀತಿಯ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದ. ಅವಳು ಕೂಗಾಡಲಿಲ್ಲ.

"ಕ್ಯಾಮೆರಾ ಮಾರೋಕೆ ಹೇಳಿದೀನಿ ಅಪ್ಪಾ. ಇನ್ಮೇಲೆ ಸಿನಿಮಾ ಮಾಡಲ್ಲ."

"ಅಯ್ಯೋ, ಒಂದು ಓಡಲಿಲ್ಲ ಅಂತ..."

"ಓಡದೇ ಇದ್ದದ್ದಕ್ಕಲ್ಲ. ಆ ಆಪಲ್ಲಿ ನಾನು ಆರಿಸ್ಕೊಂಡಿರೋದು ನಿಮ್ಮೊಬ್ಬರನ್ನೇ. ನೀವೇ ಎರಡು ಅಂದ್ಮೇಲೆ ಮುಗೀತಲ್ಲ."

ತಕ್ಕಡಿಯಣ್ಣ ಕೈಯಲ್ಲಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟ. "ಸುಳ್ಳು ಬರೆದೆ ಕಣಮ್ಮಾ. ಜನ ಆಡ್ಕೋತಾರೆ ಅಂತ ಹೆದರಿ ಹಾಗೆ ಬರೆದೆ. ಥಿಯೇಟರಲ್ಲಿ ಅತ್ತುಬಿಟ್ಟೆ ನಾನು, ಅಷ್ಟು ಚೆನ್ನಾಗಿತ್ತು. ನಿನ್ನಾಣೆಗೂ!"

ಮಗಳು ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಬಿಡಿ ಅಪ್ಪಾ," ಎಂದಳು. "ನನಗೆ ಬೇಜಾರಾಗಬಾರದು ಅಂತ ಈಗ ಹೀಗೆ ಹೇಳ್ತಿದೀರ. ಸ್ಟಾರು ಕೊಡೋ ವಿಷಯದಲ್ಲಿ ನೀವು ಸುಳ್ಳಾಡೋರಲ್ಲ ಅಂತ ಇಡೀ ಬೀದಿಗೇ ಗೊತ್ತು."