ಇಕ್ಕಟ್ಟು ಸಾಲಿನ ಆಲೂಗಡ್ಡೆ

ಕೂಲಿ ಉಳಿಸಲು ಹೋಗಿ ನಾನು ತೆತ್ತದ್ದು ಮೂರು ಎಕರೆ ಆಲೂಗಡ್ಡೆಯಲ್ಲಿ ಹೆಚ್ಚೂಕಡಿಮೆ ಅರ್ಧ. ರೋಗ ಬರಲಿಲ್ಲ, ಆನೆ ತುಳಿಯಲಿಲ್ಲ, ಬೆಳೆ ಚೆನ್ನಾಗಿಯೇ ಇತ್ತು. ಕೀಳಲು ಆಳು ಸಿಗಲಿಲ್ಲ. ಕೀಳುವ ಯಂತ್ರ ಸಿಕ್ಕಿತು, ಆದರೆ ಅದು ಹೊಲದೊಳಕ್ಕೆ ಹೋಗಲಿಲ್ಲ. ಹೊಲ ನನ್ನದು, ಸಾಲು ಮಾತ್ರ ಇನ್ಯಾರದೋ ಲೆಕ್ಕಕ್ಕೆ ಹೊಡೆದದ್ದು.

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿ ಸುತ್ತಮುತ್ತ ಹೊಲದ ಕೆಲಸಕ್ಕೆ ಜಾರ್ಖಂಡ್, ಒಡಿಶಾ ಕಡೆಯ ಗಂಡುಹೆಂಡಿರು ಬರತೊಡಗಿ ಕೆಲವು ವರ್ಷವಾಯಿತು. ಯಾವ ರಾಜ್ಯದವರಾದರೂ ನಮ್ಮೂರಿನವರ ಬಾಯಲ್ಲಿ ಅವರೆಲ್ಲ ‘ಇಂದಿಯವ್ರು’, ಹಿಂದಿ ಮಾತಿನವರು. ಅವರನ್ನು ಕರೆತಂದು ಹೊಲಹೊಲಕ್ಕೆ ಹಂಚುವವನು ಘಾಟಿ ಕೆಳಗಿನ ಒಬ್ಬ ಮೇಸ್ತ್ರಿ. ನಾನು ತಲೆ ಮೇಲೆ ಸೊಪ್ಪಿನ ಮಂಕರಿ ಹೊತ್ತು ಮಾರಿ ಹೊಲ ಕೊಂಡವನು. ಚೌಕಾಸಿ ನನಗೆ ಯಾರೂ ಕಲಿಸಬೇಕಾಗಿಲ್ಲ. ಊರಿನ ಹೆಂಗಸರು ಕೇಳುವ ಕೂಲಿಗಿಂತ ಮೇಸ್ತ್ರಿಯ ದರ ಎಷ್ಟೋ ಕಡಿಮೆ ಎಂದು ತಿಳಿದ ಮೇಲೆ ಎರಡನೇ ಮಾತಾಡಲಿಲ್ಲ. ನಾನೊಬ್ಬನೇ ಅಲ್ಲ, ಊರಿಗೆ ಊರೇ ಅವನ ಹಿಂದೆ ಬಿತ್ತು.

ಬಿತ್ತನೆಗೆ ಮೇಸ್ತ್ರಿ ದಿನಗೂಲಿ ಒಪ್ಪುತ್ತಿರಲಿಲ್ಲ. ಒಂದು ಮೂಟೆ ಬಿತ್ತನೆ ಗೆಡ್ಡೆ ಮಣ್ಣಿಗೆ ಸೇರಿಸಿದರೆ ಇಷ್ಟು ಅಂತ ಅವನ ಲೆಕ್ಕ. ಮೂಟೆ ಲೆಕ್ಕದವರು ಏನು ಮಾಡುತ್ತಾರೆ? ಅಷ್ಟೇ ಜಾಗದಲ್ಲಿ ಹೆಚ್ಚು ಮೂಟೆ ಮುಗಿಸಲು ಸಾಲನ್ನು ಒತ್ತಿ ಒತ್ತಿ ಹೊಡೆಯುತ್ತಾರೆ. ಸಾಲು ಜಾಸ್ತಿಯಾದರೆ ಗಿಡ ಜಾಸ್ತಿ, ಗಿಡ ಜಾಸ್ತಿಯಾದರೆ ಗೆಡ್ಡೆ ಜಾಸ್ತಿ ಎಂದು ನಾವೂ ಬದುವಿನ ಮೇಲೆ ನಿಂತು ಹಲ್ಲು ಕಿರಿದೆವು. ಆಗಲೇ ಗಡಿಯಾಚೆಯ ಒಬ್ಬ, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಗೆಡ್ಡೆ ಕೀಳುವ ಯಂತ್ರ ತಂದಿದ್ದ. ಬಾಡಿಗೆಗೆ ಬೇಕಾ ಎಂದು ಮನೆಮನೆ ಕೇಳಿಕೊಂಡು ಬಂದ. ಟೀ ಅಂಗಡಿ ಮುಂದೆ ಕೂತಿದ್ದವರು, ‘ಇಂದಿಯವ್ರು ಇರೋವಾಗ ಕಬ್ಬಿಣಕ್ಯಾಕೆ ಕಾಸು?’ ಎಂದು ಅವನನ್ನು ಬರಿಗೈಲಿ ಕಳಿಸಿದರು.

ಹೀಗೆ ಉಳಿಸಿದ ಕೂಲಿ ದುಡ್ಡು ಯಾರ ಜೇಬಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನು ಹೇಳುತ್ತೇನೆ ಕೇಳಿ. ಆಳು ಅಗ್ಗವಾಯಿತೆಂದು ಜೋಳ, ರಾಗಿ ಹಾಕುತ್ತಿದ್ದವರೂ ಆಲೂಗಡ್ಡೆ ಹಾಕಿದರು. ಮೇಟುಪಾಳ್ಯದ ಮಂಡಿಗೆ ಎಲ್ಲರ ಲೋಡೂ ಒಟ್ಟಿಗೇ ಇಳಿಯಿತು, ಬೆಲೆ ಕೂತುಕೊಂಡಿತು. ಕೂಲಿಯಲ್ಲಿ ಉಳಿಸಿದ್ದನ್ನು ಮಂಡಿಯಲ್ಲಿ ಕೊಟ್ಟು ಬಂದೆವು. ಊರಿನ ಹೆಂಗಸರು ಕೂಲಿ ಏರಿಸಿ ಎಂದಾಗಲೆಲ್ಲ, ‘ಬ್ಯಾಡಾಂದ್ರೆ ಬುಡಿ, ಇಂದಿಯವ್ರು ಬತ್ತಾರೆ’ ಎನ್ನುವುದು ಒಂದು ಮಂತ್ರವಾಗಿತ್ತು. ಅಕ್ಕಿ ಏರಿತು, ಎಣ್ಣೆ ಏರಿತು, ಇವರ ಕೂಲಿ ಮಾತ್ರ ನಿಂತಲ್ಲೇ ನಿಂತಿತು. ಕೊನೆಗೆ ಆ ಹೆಂಗಸರೂ ಒಂದು ದಿನ ಸುಮ್ಮನೆ ಎದ್ದು ದೂರದ ಸೇವಂತಿಗೆ ತೋಟಕ್ಕೆ ವ್ಯಾನು ಹತ್ತಿದರು.

ನಾನು ಅರ್ಧ ಬೆಳೆ ಕಳೆದುಕೊಂಡ ಆ ವರ್ಷ ಗೆಡ್ಡೆ ಬಲಿತು, ಮೇಲಿನ ಗಿಡ ಕೊಯ್ದು, ಇನ್ನೇನು ಕೀಳಬೇಕು. ಮಳೆ ಮೋಡ ತಾಳಮಲೆ ಕಡೆಯಿಂದ ಒಂದೊಂದೇ ಇಣುಕುತ್ತಿತ್ತು. ಒಂದು ಬೆಳಿಗ್ಗೆ ಆಳುಗಳು ತಂಗಿದ್ದ ಶೆಡ್ಡಿಗೆ ಹೋದರೆ ಇಂದಿಯವರು ಪಾತ್ರೆಪಗಡೆ ಗಂಟು ಕಟ್ಟುತ್ತಿದ್ದಾರೆ. ಗಡಿಯಾಚೆ ಶುಂಠಿ ಹೊಲದಲ್ಲಿ ಕೂಲಿ ಹೆಚ್ಚಂತೆ. ಮೇಸ್ತ್ರಿ ಗಾಡಿ ತಂದು ನಿಲ್ಲಿಸಿದ್ದ.

‘ಕವಲೈ ಪಡಾದೀಂಗಣ್ಣಾ’ ಎಂದು ತಮಿಳಿನಲ್ಲಿ ಸಮಾಧಾನ ಹೇಳಿದ. ‘ಅಲ್ಲಿ ಮುಗಿಸಿ ಇಲ್ಲಿಗೇ ಬರ್ತೀವಿ.’

‘ಅಷ್ಟೊತ್ತಿಗೆ ಗೆಡ್ಡೆ ಕೊಳ್ತು ಗೊಬ್ಬರ ಆಗಿರ್ತದೆ.’

ಅವನು ಬೀಡಿ ಹಚ್ಚಿದ. ನಾನು ನೇರವಾಗಿ ತಂಡದ ಹಿರಿಯನ ಹತ್ತಿರ ಹೋದೆ. ನಾಲ್ಕು ವರ್ಷ ನಮ್ಮ ಕಡೆ ಇದ್ದು ಅರೆಬರೆ ಕನ್ನಡ ಕಲಿತವನು.

‘ಶುಂಠಿಯವ್ನು ಕೊಡೋದನ್ನೇ ಕೊಡ್ತೀನಿ, ನಿಂತ್ಕೋ.’

‘ಅಣ್ಣಾ, ನೀನು ಮೇಸ್ತ್ರಿಗೆ ಕೊಡ್ತೀಯಾ. ನಮ್ಗೆ ಕೈಗೆ ಬರೋದು ಸ್ವಲ್ಪ. ಶುಂಠಿಯವ್ನು ನಮ್ ಕೈಗೇ ಕೊಡ್ತಾನೆ, ಮೇಸ್ತ್ರಿಗೆ ಬೇರೆ ಕಮಿಷನ್.’

ನಾನು ಇಷ್ಟು ವರ್ಷ ಅಗ್ಗ ಎಂದುಕೊಂಡಿದ್ದ ಕೂಲಿಯಲ್ಲೂ ಮೇಸ್ತ್ರಿ ಒಂದು ಪಾಲು ಕಿತ್ತುಕೊಳ್ಳುತ್ತಿದ್ದ ಎನ್ನುವುದು ತಿಳಿದದ್ದು ಆಗ. ಸಿಟ್ಟು ಬಂತು. ಯಾರ ಮೇಲೆ ತೋರಿಸಲಿ? ನಾನೂ ಕೈಗೇ ಕೊಡುತ್ತೇನೆ ಎನ್ನುವಷ್ಟರಲ್ಲಿ ಗಾಡಿ ಹೊರಟೇಹೋಯಿತು.

ಅಲ್ಲಿಂದ ನೇರ ದೊಡ್ಡವ್ವನ ಮನೆಗೆ ಹೋದೆ. ನಮ್ಮವ್ವ ಕೂಲಿಗೆ ಹೋಗುತ್ತಿದ್ದ ಕಾಲದಿಂದ ಊರಿನ ಹೆಣ್ಣಾಳುಗಳಿಗೆ ಮುಂದಾಳು ಅವಳೇ. ಹೂವಿನ ತೋಟದ ವ್ಯಾನಿಗೆ ಕಾಯುತ್ತಾ ಜಗಲಿ ಮೇಲೆ ಕೂತಿದ್ದಳು.

‘ಏನ್ಲಾ ಮಗ, ಈ ಕಡ ದಾರಿ ಮರ್ತೋಗಿತ್ತಲ್ಲಾ?’

‘ಗೆಡ್ಡೆ ಕೀಳಾಕೆ ಬರ್ಬೇಕಲ್ಲ ದೊಡ್ಡವ್ವ.’

‘ಯಾಕೆ, ನಿನ್ ಇಂದಿಯವ್ರು ಎಲ್ಲೋದ್ರು?’

‘ಸುಂಟಿಗೋದ್ರು.’

‘ಓಗ್ಲಿ ಬುಡು. ಅವ್ರೂ ಒಟ್ಟೆಪಾಡಿಗೆ ಬಂದವ್ರಲ್ವಾ.’

‘ಕೂಲಿ ಜಾಸ್ತಿ ಕೊಡ್ತೀನಿ.’

‘ಈಗ ಕೊಡ್ತೀಯ. ಮೂಟೆ ಕಟ್ಟಾದ್ ಮ್ಯಾಲೆ? ಊವಿನ ತೋಟದವ ವರ್ಸವೆಲ್ಲಾ ಕೆಲ್ಸ ಕೊಡ್ತಾನೆ ಕಣ್ಲಾ. ಅವ್ನ ಬುಟ್ಟು ನಿನ್ ಒಂದ್ವಾರದ ಒಲಕ್ಕೆ ಬಂದ್ರೆ ಆಮೇಲೆ ಅವ ಸೇರಿಸ್ಕಂಡಾನಾ?’

ಈ ಮಾತಿಗೆ ಚೌಕಾಸಿ ನಡೆಯುವುದಿಲ್ಲ. ವ್ಯಾನು ಬಂತು, ಹತ್ತಿ ಹೋದಳು.

ಉಳಿದದ್ದು ಯಂತ್ರ. ಗಡಿಯಾಚೆಯವನಿಗೆ ಫೋನು ಮಾಡಿದೆ. ಪುಣ್ಯಾತ್ಮ, ಹಳೆಯದನ್ನು ಎತ್ತಿ ಆಡದೆ ಮಾರನೇ ದಿನ ಬಂದ. ಹೊಲದ ಬದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದವನು ಸಾಲಿನ ಮೇಲೆ ಎರಡು ಹೆಜ್ಜೆ ಇಟ್ಟು ನನ್ನ ಮುಖ ನೋಡಿದ.

‘ಅಣ್ಣ, ಈ ಸಾಲು ಯಾರ್ ಒಡ್ದಿದ್ದು?’

‘ಇಂದಿಯವ್ರು. ಯಾಕೆ?’

‘ಮೇಕೆ ಓಡಾಡಾಕೆ ಒಡ್ದಂಗದೆ. ಚಕ್ರ ಎಲ್ಲಿ ಇಡ್ಲಿ, ನಿಮ್ ತಲೆ ಮ್ಯಾಲಾ?’

‘ಒಂದ್ ಸಾಲು ಓಡ್ಸು, ನೋಡವ.’

ಓಡಿಸಿದ. ಮಧ್ಯದ ಸಾಲಿನ ಗೆಡ್ಡೆ ಅಚ್ಚುಕಟ್ಟಾಗಿ ಮೇಲೆ ಬಂತು. ಎರಡು ಪಕ್ಕದ ಸಾಲುಗಳನ್ನು ಚಕ್ರ ಅರೆದು ಹಾಕಿತ್ತು. ಒಂದು ತೆಗೆಯಲು ಎರಡು ಹಾಳು. ಆಳಿನ ಕೈ ಮಾತ್ರ ಹೋಗುವಂಥ ಹೊಲ ಮಾಡಿಟ್ಟುಕೊಂಡಿದ್ದೆವು, ಆಳು ಹೋದ ಮೇಲೆ ಯಾರು ಹೋಗುತ್ತಾರೆ ಅದರೊಳಗೆ? ಅವನ ಡೀಸೆಲ್ ದುಡ್ಡು ಕೊಟ್ಟು ಕಳಿಸಿದೆ.

ಅಂದೇ ಸಂಜೆ ವ್ಯಾನು ಇಳಿದು ಬರುತ್ತಿದ್ದ ದೊಡ್ಡವ್ವ ಬದುವಿನ ಹತ್ತಿರ ನಿಂತಳು. ಅರೆದ ಗೆಡ್ಡೆಯೊಂದನ್ನು ಎತ್ತಿ ಮಣ್ಣು ಒರೆಸಿ ನೋಡಿದಳು. ಅನ್ನ ಚೆಲ್ಲಿದ್ದನ್ನು ಕಂಡವರ ಮುಖವಾಗಿತ್ತು.

‘ಊವ ಕುಯ್ದಾದ್ ಮ್ಯಾಲೆ ಮದ್ಯಾನದಿಂದ ಬತ್ತೀವಿ. ಕೂಲಿ ಪೂರಾ ದಿನದ್ದು.’

‘ಅರ್ಧ ದಿನಕ್ಕೆ ಪೂರಾ ಕೂಲಿನಾ? ಯಾವೂರ ನ್ಯಾಯ ದೊಡ್ಡವ್ವ ಇದು?’

‘ಒಲ ನಿಂದು. ಮೋಡ ನೋಡ್ಕಂಡು ಮಾತಾಡು. ಇನ್ನೊಂದು, ಬರೋ ವರ್ಸ ಕಳೆ ತೆಗ್ಯೋದೂ ಕೀಳೋದೂ ನಮ್ಗೇ. ಯಾವ್ ತಿಂಗ್ಳು ಎಷ್ಟು ಆಳು ಅಂತ ಬಿತ್ತೋಕ್ ಮುಂಚೆ ಏಳ್ಬೇಕು. ಆಗ ಊವಿನವನ್ಗೆ ನಾವು ಏಳಿ ಬತ್ತೀವಿ.’

ಮೋಡ ನೋಡಿದೆ. ಒಪ್ಪಿದೆ.

ಮೂರು ಎಕರೆಯಲ್ಲಿ ಮೇಲಿನ ಹೊಲ ಉಳಿಯಿತು. ಕೆಳಗಿನದಕ್ಕೆ ಕೈ ಹಾಕುವ ಹೊತ್ತಿಗೆ ಮಳೆ ಹಿಡಿದುಕೊಂಡಿತು, ಬಿಡುವು ಕೊಡಲಿಲ್ಲ. ಆ ಕೊಳೆತ ವಾಸನೆ ಎಷ್ಟೋ ದಿನ ಮನೆವರೆಗೂ ಬರುತ್ತಿತ್ತು.

ಮಾರನೇ ವರ್ಷ ಸಾಲು ಅಗಲ ಹೊಡೆಸಿದೆ. ಯಂತ್ರ ಗೆಡ್ಡೆ ಎತ್ತಿ ಹಾಕುತ್ತಾ ಹೋಗುತ್ತದೆ, ದೊಡ್ಡವ್ವನ ಕಡೆಯ ಏಳೆಂಟು ಜನ ಹಿಂದೆ ಹಿಂದೆಯೇ ಆಯ್ದು ಮೂಟೆ ಕಟ್ಟುತ್ತಾರೆ. ಒಬ್ಬೊಬ್ಬರ ಕೂಲಿ ಹೆಚ್ಚು, ಒಟ್ಟು ಖರ್ಚು ಕಡಿಮೆ. ಗಿಡಕ್ಕೆ ಜಾಗ ಸಿಕ್ಕಿ ಗೆಡ್ಡೆಯೂ ದಪ್ಪ. ಪಕ್ಕದ ಹೊಲದವರು ಬಂದು ನೋಡುತ್ತಾರೆ, ತಲೆ ಆಡಿಸುತ್ತಾರೆ, ಹೋಗಿ ಮತ್ತೆ ಅದೇ ಇಕ್ಕಟ್ಟು ಸಾಲು ಹೊಡೆಸುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಓದುವ ನಿಮಗಾದರೂ ಹೇಳುತ್ತೇನೆ. ಬಿತ್ತುವ ಮುಂಚೆ ಕೀಳುವವರು ಯಾರು ಎಂದು ಗೊತ್ತುಮಾಡಿಕೊಳ್ಳಿ. ಯಂತ್ರದವನನ್ನು ಮೊದಲೇ ಕರೆಸಿ, ಅವನ ಚಕ್ರ ಅಳೆದು ಸಾಲು ಹೊಡೆಸಿ. ಬಿತ್ತನೆಯನ್ನು ಮೂಟೆ ಲೆಕ್ಕಕ್ಕೆ ಕೊಡಲೇಬೇಡಿ, ದಿನಗೂಲಿ ಕೊಟ್ಟು ನೀವೇ ನಿಂತು ನೋಡಿ. ಹೊರಗಿನವರು ಕೆಲಸ ಕೇಳಿ ಬಂದರೆ ಓಡಿಸಬೇಡಿ, ಅವರದೇನೂ ತಪ್ಪಿಲ್ಲ. ಆದರೆ ಕೂಲಿ ಅವರ ಕೈಗೇ ಕೊಡಿ, ಊರವರಿಗೆ ಕೊಡುವಷ್ಟೇ ಕೊಡಿ. ಆಮೇಲೂ ನಿಮಗೆ ಅವರು ಬೇಕೆನಿಸಿದರೆ ನಿಜವಾಗಿಯೂ ಬೇಕು ಅಂತ ಅರ್ಥ. ಊರಿನ ಹೆಂಗಸರಿಗೆ ಯಾವ ತಿಂಗಳು ಎಷ್ಟು ದಿನ ಕೆಲಸ ಎಂದು ಯುಗಾದಿ ಹೊತ್ತಿಗೇ ಹೇಳಿಬಿಡಿ, ಹೇಳಿದ ಮೇಲೆ ಮಾತು ತಪ್ಪಬೇಡಿ.