ಗೆದ್ದವಳು ಅತ್ತ ದಿನ

ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಾಗ ನನಗೆ ಇಪ್ಪತ್ತೆರಡು ವರ್ಷ. ಕೊಪ್ಪದಲ್ಲಿ ಬಿ.ಎ. ಮುಗಿಸಿ, ಮುತ್ತಿನಕೊಪ್ಪದ ಎಸ್‌ಟಿಡಿ ಬೂತೊಂದರಲ್ಲಿ ಕೆಲಸಕ್ಕಿದ್ದೆ. ಊರವರ ಸುಖದುಃಖವೆಲ್ಲ ದಿನಾ ಕಿವಿಗೆ ಬೀಳುತ್ತಿತ್ತು. ಊರಿಗೆ ಏನು ಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬ ಧೈರ್ಯ ಅದರಿಂದಲೇ ಬಂದದ್ದು. ನಮ್ಮೂರಿನ ಸ್ಥಾನ ಮಹಿಳೆಗೆ ಮೀಸಲಾದದ್ದೇ ತಡ, ನಾಮಪತ್ರ ಹಾಕಿ ಬಂದು ಆಮೇಲೆ ಅಪ್ಪನಿಗೆ ಹೇಳಿದೆ.

ಎದುರು ನಿಂತವಳು ನನ್ನ ಓರಗೆಯವಳೇ. ಭಂಡಿಗಡಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದಳು. ಪ್ರಚಾರಕ್ಕೆ ಬಂದಾಗ ಅವಳ ಮಾವ ಮಾತಾಡುತ್ತಿದ್ದರು, ಇವಳು ಹಿಂದೆ ನಿಂತು ಕೈಮುಗಿಯುತ್ತಿದ್ದಳು. ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಇವಳ ಎದುರು ಸೋಲುವುದುಂಟೇ ಎಂದುಕೊಂಡಿದ್ದೆ.

ಎಣಿಕೆ ನರಸಿಂಹರಾಜಪುರದ ಶಾಲೆಯೊಂದರಲ್ಲಿ. ಕೊನೆಯ ಕಟ್ಟು ಬಿಚ್ಚುವವರೆಗೂ ನಾನೇ ಮುಂದಿದ್ದೆ. ಅದು ಮುಗಿದಾಗ ಬೆರಳೆಣಿಕೆಯ ಮತಗಳಿಂದ ಸೋತಿದ್ದೆ. ಹಾರ ಬಿದ್ದದ್ದು ಅವಳ ಮಾವನ ಕೊರಳಿಗೆ. ನನ್ನ ಗೆಳತಿಯರು ಅತ್ತರು. ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಮುಖ ತೊಳೆಯಲೆಂದು ಶಾಲೆಯ ಹಿಂದಿನ ನಲ್ಲಿಗೆ ಹೋದರೆ, ಗೆದ್ದವಳು ಅಲ್ಲಿ ಒಬ್ಬಳೇ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

“ನೀನೆಂತಕ್ಕೆ ಅಳೋದು ಮಾರಾಯ್ತಿ? ಸೋತಿದ್ದು ನಾನು,” ಎಂದೆ.

“ಹೇಗೂ ಗೆಲ್ಲಲ್ಲ, ಸುಮ್ನೆ ನಿಂತ್ಕೋ ಅಂದಿದ್ರು ಮಾವ. ಈಗ ಎಂತ ಮಾಡ್ಲಿ ನಾನು?”

ನನ್ನ ಸಿಟ್ಟು ಇನ್ನೂ ಏರಿತು. ನಾನು ಊಟ ನಿದ್ದೆ ಬಿಟ್ಟು ಬಯಸಿದ್ದು ಇವಳಿಗೆ ಬೇಡವಾಗಿ ಸಿಕ್ಕಿತ್ತು. ಆದರೆ ಅವಳು ಕಣ್ಣೊರೆಸಿಕೊಂಡು, ನಲ್ಲಿ ತಿರುಗಿಸಿ ನನಗೆ ಜಾಗ ಬಿಟ್ಟಳು. ಅದನ್ನು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ನಮ್ಮ ಕೇರಿಗೆ ನೀರಿನ ಪೈಪು ಅರ್ಧಕ್ಕೇ ನಿಂತಿದೆ, ಮೊದಲು ಅದನ್ನು ಕೇಳು, ನೀನು ಕೇಳದಿದ್ದರೆ ನಾನು ಬಂದು ನಿನ್ನನ್ನೇ ಕೇಳುತ್ತೇನೆ ಎಂದೆ. ಅವಳು ತಲೆಯಾಡಿಸಿದಳು.

ಹೇಳಿದ ಹಾಗೆಯೇ ಮುಂದಿನ ಗ್ರಾಮಸಭೆಗೆ ಹೋದೆ. ಪೈಪಿನ ಕೆಲಸ ಎಲ್ಲಿಗೆ ಬಂತು ಎಂದು ಎದ್ದು ಕೇಳಿದೆ. ಉತ್ತರ ಕೊಡಲು ಎದ್ದವರು ಮಾವ.

“ನೀವು ಕೂತ್ಕಳಿ. ನಾನು ಕೇಳಿದ್ದು ಸದಸ್ಯರನ್ನ,” ಎಂದೆ.

ಯಾರೋ ಕೆಮ್ಮಿದರು. ಮಾವ ನನ್ನನ್ನು ದುರುಗುಟ್ಟಿ ನೋಡಿದರು. ಅವಳು ನಿಧಾನವಾಗಿ ಎದ್ದು, ತಡವರಿಸದೆ, ಕಂಟ್ರಾಕ್ಟರು ಕೆಲಸ ಬಿಟ್ಟು ಹೋದದ್ದನ್ನೂ ತಾನು ಸೆಕ್ರೆಟರಿಯನ್ನು ಎರಡು ಸಲ ಕಂಡದ್ದನ್ನೂ ಹೇಳಿದಳು. ಹೆಂಗಸರ ಸಾಲಿನಲ್ಲಿ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಸೋತದ್ದರ ಬೇಸರ ಅವತ್ತೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ತಲೆ ತಗ್ಗಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಬೇಸಿಗೆಯ ಹೊತ್ತಿಗೆ ಕೇರಿಗೆ ನೀರು ಬಂತು. ಮಾವ ಸಭೆಗಳಿಗೆ ಬರುವುದನ್ನು ಬಿಟ್ಟರು. ಮುಂದಿನ ಚುನಾವಣೆಯಲ್ಲಿ ನಾನು ಮತ್ತೆ ನಿಂತೆ. ಈ ಸಲ ಅವಳು ಎದುರು ನಿಲ್ಲದೆ, ಪ್ರಚಾರಕ್ಕೆ ನನ್ನ ಜೊತೆ ಮನೆಮನೆಗೂ ಬಂದಳು, ನನಗಿಂತ ಹೆಚ್ಚು ಮಾತಾಡಿದ್ದೂ ಅವಳೇ.